ಸ್ಲ್ಯಾಷ್ ಮತ್ತು ಸ್ಟಾರ್: ಸರ್ವ್‌ಲೆಟ್ ಕಾಲದ ನೆನಪುಗಳು

ಜಾವಾ ಸರ್ವ್‌ಲೆಟ್‌ಗಳ ಮೇಲೆ ಕಟ್ಟಿದ ವೆಬ್ ಅಪ್ಲಿಕೇಶನ್ ಎರಡು ಬಗೆಯ ಸರಕನ್ನು ಹೊರಗೆ ಕಳಿಸುತ್ತದೆ. ಕೇಳಿದಾಗ ಡೇಟಾಬೇಸ್ ನೋಡಿ, ಲೆಕ್ಕ ಹಾಕಿ ತಯಾರಿಸುವ ಪುಟ ಒಂದು. ಡಿಸ್ಕಿನಲ್ಲಿ ಇದ್ದ ಹಾಗೆಯೇ ಎತ್ತಿ ಕೊಡುವ ಫೈಲು ಇನ್ನೊಂದು: ಸ್ಟೈಲ್‌ಶೀಟು, ಜಾವಾಸ್ಕ್ರಿಪ್ಟು, ಚಿತ್ರ, ಫಾಂಟು, ಪಿಡಿಎಫ್. ಮೊದಲನೆಯದಕ್ಕೆ ತಲೆ ಬೇಕು, ಎರಡನೆಯದು ಬರೀ ಗುಮಾಸ್ತಿಕೆ ಎಂಬ ಭಾವನೆ 2000ದ ಆಚೀಚಿನ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಗಟ್ಟಿಯಾಗಿ ಬೇರೂರಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಕರೆದು ‘ಇಮೇಜ್ ಬರ್ತಿಲ್ವಂತೆ, ಸ್ವಲ್ಪ ನೋಡಿ’ ಎಂದು ದಾಟಿಸಿಬಿಡುತ್ತಿದ್ದ ಕೆಲಸ ಅದು. ಆ ಕಾಲದ ಬಹಳಷ್ಟು ಪ್ರೋಗ್ರಾಮರುಗಳು ಎಚ್‌ಟಿಟಿಪಿಯನ್ನು ನಿಜವಾಗಿ ಕಲಿತದ್ದು ಈ ಗುಮಾಸ್ತಿಕೆಯಲ್ಲೇ.

ಸರ್ವ್‌ಲೆಟ್ ಎಂಬ ವ್ಯವಸ್ಥೆ ಸನ್ ಮೈಕ್ರೋಸಿಸ್ಟಮ್ಸ್‌ನಿಂದ ಬಂದದ್ದು 1997ರ ಹೊತ್ತಿಗೆ. 1999ರ 2.2ನೇ ಆವೃತ್ತಿ ವೆಬ್ ಅಪ್ಲಿಕೇಶನ್ನಿಗೆ ಒಂದು ನಿಶ್ಚಿತ ಆಕಾರ ಕೊಟ್ಟಿತು. ಎಲ್ಲವನ್ನೂ ‘ವಾರ್’ ಎಂಬ ಒಂದೇ ಕಟ್ಟಿನಲ್ಲಿ ಹಾಕಬೇಕು. ಅದರ ಮೇಲ್ಮಟ್ಟದಲ್ಲಿ ಇಟ್ಟ ಫೈಲುಗಳು ಹೊರಗಿನವರಿಗೆ ಸಿಗುತ್ತವೆ. ವೆಬ್-ಇನ್ಫ್ ಎಂಬ ಫೋಲ್ಡರಿನೊಳಗೆ ಇಟ್ಟವು ಸಿಗುವುದಿಲ್ಲ. ಅದೇ ವರ್ಷ ಸನ್ ತನ್ನ ಸರ್ವ್‌ಲೆಟ್ ಕೋಡನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಟಾಮ್‌ಕ್ಯಾಟ್ ಬಂದದ್ದು ಹಾಗೆ. ಫೈಲು ಹಂಚುವುದಕ್ಕೆ ಪ್ರೋಗ್ರಾಮರು ಒಂದು ಸಾಲೂ ಬರೆಯಬೇಕಾಗಿರಲಿಲ್ಲ. ಟಾಮ್‌ಕ್ಯಾಟ್‌ನ ಕಾನ್ಫ್ ಫೋಲ್ಡರಿನಲ್ಲಿ ಎಲ್ಲ ಅಪ್ಲಿಕೇಶನ್ನುಗಳಿಗೂ ಅನ್ವಯಿಸುವ ಒಂದು ವೆಬ್.ಎಕ್ಸ್‌ಎಂಎಲ್ ಇದೆ. ಅದರಲ್ಲಿ ‘ಡಿಫಾಲ್ಟ್’ ಎಂಬ ಹೆಸರಿನ ಸರ್ವ್‌ಲೆಟ್ ಒಂದನ್ನು ‘/’ ಎಂಬ ವಿಳಾಸಕ್ಕೆ ಕಟ್ಟಿಟ್ಟಿರುತ್ತಾರೆ. ಯಾರೂ ಕೈಗೆತ್ತಿಕೊಳ್ಳದ ಕೋರಿಕೆ ಕೊನೆಗೆ ಬಂದು ಸೇರುವುದು ಅಲ್ಲಿಗೆ. ಅದು ಫೈಲು ಹುಡುಕಿ ಕೊಡುತ್ತದೆ, ಇಲ್ಲದಿದ್ದರೆ 404 ಎನ್ನುತ್ತದೆ.

ಯಾವ ಕೋರಿಕೆ ಯಾವ ಸರ್ವ್‌ಲೆಟ್‌ಗೆ ಎಂಬುದಕ್ಕೆ ನಿಯಮಾವಳಿಯಲ್ಲಿ ಸ್ಪಷ್ಟ ಸರದಿ ಇದೆ. ಪೂರ್ತಿ ವಿಳಾಸ ಅಕ್ಷರಶಃ ಹೊಂದಿದರೆ ಮೊದಲ ಹಕ್ಕು ಅದಕ್ಕೆ. ಆಮೇಲೆ ‘/*’ನಿಂದ ಮುಗಿಯುವ ದಾರಿಗಳು, ಅವುಗಳಲ್ಲಿ ಅತಿ ಉದ್ದವಾಗಿ ಹೊಂದುವುದು. ಅದರ ನಂತರ ಫೈಲಿನ ಬಾಲ, ಅಂದರೆ ‘*.ಜೆಎಸ್‌ಪಿ’ಯಂಥವು. ಕಟ್ಟಕಡೆಗೆ ‘/’. ಈ ಸರದಿಯನ್ನು ಒಮ್ಮೆ ಕೂತು ಓದಿದವರು ಆಗ ಬಹಳ ಕಡಿಮೆ. ಓದುವ ಅಗತ್ಯವೂ ಕೆಲವು ವರ್ಷ ಬೀಳಲಿಲ್ಲ. ಸ್ಟ್ರಟ್ಸ್ ಎಂಬ ಫ್ರೇಮ್‌ವರ್ಕಿನ ಕಾಲದಲ್ಲಿ ಎಲ್ಲರ ವಿಳಾಸಗಳೂ ‘ಡಾಟ್ ಡೂ’ದಲ್ಲಿ ಮುಗಿಯುತ್ತಿದ್ದವು, ‘*.ಡೂ’ ಸ್ಟ್ರಟ್ಸ್‌ಗೆ, ಉಳಿದದ್ದು ಡಿಫಾಲ್ಟ್‌ಗೆ. ವಿಳಾಸಗಳು ನೋಡಲು ಕುರೂಪ, ಆದರೆ ಚಿತ್ರಗಳು ತಕರಾರಿಲ್ಲದೆ ಬರುತ್ತಿದ್ದವು.

ತೊಂದರೆ ಶುರುವಾದದ್ದು ಚೊಕ್ಕ ವಿಳಾಸಗಳ ಹುಚ್ಚು ಹತ್ತಿದ ಮೇಲೆ. ಬಾಲವಿಲ್ಲದ ವಿಳಾಸ ಬೇಕೆಂದರೆ ಎಲ್ಲ ಕೋರಿಕೆಯನ್ನೂ ಒಂದೇ ಮುಂಬಾಗಿಲ ಸರ್ವ್‌ಲೆಟ್ ಹಿಡಿಯಬೇಕು. ಎಲ್ಲವನ್ನೂ ಹಿಡಿಯುವುದು ಅಂದರೆ ‘/*’ ಎಂದೇ ಹೆಚ್ಚಿನವರು ಬರೆದರು. ಸರದಿಯಲ್ಲಿ ಅದರ ಸ್ಥಾನ ಎರಡನೆಯದು, ‘*.ಜೆಎಸ್‌ಪಿ’ಗಿಂತ ಮೇಲೆ. ಹಾಗಾಗಿ ಕಳೆದುಹೋದದ್ದು ಸ್ಟೈಲ್‌ಶೀಟ್ ಒಂದೇ ಅಲ್ಲ. ಕಂಟ್ರೋಲರ್ ತನ್ನ ಕೆಲಸ ಮುಗಿಸಿ ಪುಟ ತೋರಿಸಲು ಜೆಎಸ್‌ಪಿಗೆ ದಾಟಿಸಿದರೆ ಆ ಕೋರಿಕೆಯೂ ತಿರುಗಿ ಅದೇ ಸರ್ವ್‌ಲೆಟ್‌ನ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅದು ಮತ್ತೆ ದಾಟಿಸುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ಲಾಗ್ ತುಂಬ ಸ್ಟ್ಯಾಕ್ ಓವರ್‌ಫ್ಲೋ. ಸ್ಟಾರ್ ಒಂದನ್ನು ಅಳಿಸಿ ಬರೀ ‘/’ ಬಿಟ್ಟರೆ ಜೆಎಸ್‌ಪಿ ಸರಿಹೋಗುತ್ತದೆ, ಏಕೆಂದರೆ ಬಾಲದ ನಿಯಮ ‘/’ಗಿಂತ ಮೊದಲು ಬರುತ್ತದೆ. ಆದರೆ ‘/’ ಎಂಬುದು ಡಿಫಾಲ್ಟ್ ಸರ್ವ್‌ಲೆಟ್ ಕೂತಿದ್ದ ಜಾಗ. ಅಪ್ಲಿಕೇಶನ್ ಅದನ್ನು ತನ್ನದೆಂದು ಬರೆದುಕೊಂಡ ಕ್ಷಣಕ್ಕೆ ಡಿಫಾಲ್ಟ್ ಎದ್ದು ಹೊರಡಬೇಕು. ಪುಟ ಬರುತ್ತದೆ, ಬಣ್ಣ ಬರುವುದಿಲ್ಲ. ಹಳೆಯ ಪ್ರೋಗ್ರಾಮರುಗಳನ್ನು ಕೇಳಿದರೆ ಸ್ಪ್ರಿಂಗ್ ಫ್ರೇಮ್‌ವರ್ಕ್ ಕಲಿತ ಮೊದಲ ವಾರದ ನೆನಪಾಗಿ ಹೇಳುವುದು ಇದೇ ಬಿಳಿ ಪುಟವನ್ನು.

ಇದಕ್ಕೆ ಮದ್ದುಗಳು ಹಲವು ಬಂದವು. ಅಪ್ಲಿಕೇಶನ್ನಿನ ವೆಬ್.ಎಕ್ಸ್‌ಎಂಎಲ್‌ನಲ್ಲಿ ‘*.ಸಿಎಸ್‌ಎಸ್’, ‘*.ಜೆಎಸ್’, ‘*.ಪಿಎನ್‌ಜಿ’ ಎಂದು ಒಂದೊಂದೇ ಬಾಲವನ್ನು ಡಿಫಾಲ್ಟ್ ಹೆಸರಿಗೆ ಕಟ್ಟುವುದು ಸರಳವಾದದ್ದು. ಹೊಸ ಬಗೆಯ ಫೈಲು ಬಂದಾಗಲೆಲ್ಲ ಪಟ್ಟಿ ಬೆಳೆಯುತ್ತಿತ್ತು. ಎಲ್ಲ ಫೈಲುಗಳನ್ನೂ ‘/ಸ್ಟ್ಯಾಟಿಕ್/*’ ಕೆಳಗಿಟ್ಟು ಆ ದಾರಿಯನ್ನು ಡಿಫಾಲ್ಟ್‌ಗೆ ಕೊಡುವುದು ಹೆಚ್ಚು ಅಚ್ಚುಕಟ್ಟು ಎನಿಸಿತು. ಅಲ್ಲೊಂದು ಕೊಕ್ಕೆ ಇತ್ತು. ಹೀಗೆ ದಾರಿ ಕೊಟ್ಟಾಗ ವಿಳಾಸದ ಮುಂಭಾಗವನ್ನೂ ಸೇರಿಸಿ ಫೈಲು ಹುಡುಕಬೇಕೇ, ಅದನ್ನು ಕಳಚಿ ಹುಡುಕಬೇಕೇ ಎಂಬುದರಲ್ಲಿ ಟಾಮ್‌ಕ್ಯಾಟ್‌ನಂಥ ಸರ್ವ್‌ಲೆಟ್ ಕಂಟೇನರುಗಳಿಗೆ ಒಮ್ಮತವಿರಲಿಲ್ಲ. ಡೆವಲಪರ್‌ನ ಜೆಟ್ಟಿಯಲ್ಲಿ ಸರಿಯಾಗಿ ಬಂದ ಚಿತ್ರ ಸರ್ವರಿನ ಟಾಮ್‌ಕ್ಯಾಟ್‌ನಲ್ಲಿ ಕಾಣೆಯಾದದ್ದುಂಟು. ಹೆಸರಿನದೂ ಅದೇ ಕಥೆ. ಟಾಮ್‌ಕ್ಯಾಟ್, ಜೆಟ್ಟಿ, ಜೆಬಾಸ್, ಗ್ಲಾಸ್‌ಫಿಶ್‌ಗಳಲ್ಲಿ ಆ ಸರ್ವ್‌ಲೆಟ್ ‘ಡಿಫಾಲ್ಟ್’, ವೆಬ್‌ಲಾಜಿಕ್‌ನಲ್ಲಿ ‘ಫೈಲ್‌ಸರ್ವ್‌ಲೆಟ್’, ವೆಬ್‌ಸ್ಫಿಯರ್‌ನಲ್ಲಿ ‘ಸಿಂಪಲ್‌ಫೈಲ್‌ಸರ್ವ್‌ಲೆಟ್’, ರೆಸಿನ್‌ನಲ್ಲಿ ‘ರೆಸಿನ್-ಫೈಲ್’. ನಿಯಮಾವಳಿ ಬರೆದವರು ಇಷ್ಟು ಸಣ್ಣ ವಿಷಯಕ್ಕೆ ಒಂದು ಸಾಲು ಖರ್ಚು ಮಾಡಿದ್ದರೆ ಎಷ್ಟೋ ಜನರ ರಾತ್ರಿ ನಿದ್ದೆ ಉಳಿಯುತ್ತಿತ್ತು. 2010ರಲ್ಲಿ ಸ್ಪ್ರಿಂಗ್ 3.0.4 ಈ ಹೆಸರುಗಳನ್ನೆಲ್ಲ ತಾನೇ ತಿಳಿದುಕೊಂಡು ಡಿಫಾಲ್ಟ್‌ಗೆ ದಾಟಿಸುವ ಒಂದು ಸಾಲಿನ ವ್ಯವಸ್ಥೆಯನ್ನು ಕೊಟ್ಟಿತು. ಫೈಲುಗಳನ್ನು ತಾನೇ ಹಂಚುವ ಇನ್ನೊಂದು ಸಾಲನ್ನೂ ಕೊಟ್ಟಿತು.

ಮ್ಯಾಪಿಂಗ್ ಸರಿಯಿದ್ದೂ ಬಣ್ಣ ಬಾರದ ಇನ್ನೊಂದು ಸಂದರ್ಭ ಲಾಗಿನ್ ಪುಟದ್ದು. ಸರ್ವ್‌ಲೆಟ್‌ನ 2001ರ 2.3ನೇ ಆವೃತ್ತಿಯಲ್ಲಿ ಫಿಲ್ಟರ್ ಬಂದ ಮೇಲೆ ಲಾಗಿನ್ ಪರೀಕ್ಷೆಯನ್ನು ‘/*’ಗೆ ಕಟ್ಟುವುದು ವಾಡಿಕೆಯಾಯಿತು. ಲಾಗಿನ್ ಆಗದವರು ಏನು ಕೇಳಿದರೂ ಲಾಗಿನ್ ಪುಟಕ್ಕೆ ತಳ್ಳುವುದು ಅದರ ಕೆಲಸ. ಲಾಗಿನ್ ಪುಟದ ಸ್ಟೈಲ್‌ಶೀಟನ್ನು ಕೇಳುವವರೂ ಇನ್ನೂ ಲಾಗಿನ್ ಆಗದವರೇ! ಬ್ರೌಸರ್ ಸ್ಟೈಲ್‌ಶೀಟ್ ಕೇಳಿದರೆ ಫಿಲ್ಟರ್ 302 ಎಂದು ತಿರುಗಿಸುತ್ತದೆ. ಬ್ರೌಸರ್ ಹೇಳಿದಲ್ಲಿಗೆ ಹೋಗುತ್ತದೆ. ಅಲ್ಲಿ ಸಿಗುವುದು ಲಾಗಿನ್ ಪುಟದ ಎಚ್‌ಟಿಎಂಎಲ್, ಅದೂ 200 ಎಂಬ ಯಶಸ್ಸಿನ ಮುದ್ರೆಯೊಂದಿಗೆ. ಸರ್ವರಿನ ಲಾಗ್ ಫೈಲಿನಲ್ಲಿ 404 ಹುಡುಕುತ್ತ ಕೂತವರಿಗೆ ಏನೂ ಸಿಗುತ್ತಿರಲಿಲ್ಲ. ಕೋರಿಕೆ-ಉತ್ತರಗಳನ್ನು ಬ್ರೌಸರಿನಲ್ಲೇ ತೋರಿಸುವ ಫೈರ್‌ಬಗ್ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ಇಂಥದ್ದನ್ನು ಪತ್ತೆ ಮಾಡಲು ಟೆಲ್‌ನೆಟ್‌ನಲ್ಲಿ 8080ನೇ ಪೋರ್ಟಿಗೆ ಹೋಗಿ, ಗೆಟ್ ಕೋರಿಕೆಯನ್ನು ಕೈಯಾರೆ ಟೈಪ್ ಮಾಡಿ, ಎರಡು ಸಲ ಎಂಟರ್ ಒತ್ತಿ, ಬಂದ ಹೆಡರುಗಳನ್ನು ಕಣ್ಣಾರೆ ಓದಬೇಕಿತ್ತು. ಒಂದೇ ಒಂದು ಅಕ್ಷರ ತಪ್ಪಿದರೆ ಮೊದಲಿನಿಂದ ಶುರು. ಪ್ರೋಟೋಕಾಲ್ ಕಲಿಯಲು ಅದಕ್ಕಿಂತ ಒಳ್ಳೆಯ ದಾರಿ ಈಗಲೂ ಇಲ್ಲ.

ಕನ್ನಡದ ತಾಣ ಕಟ್ಟುತ್ತಿದ್ದವರಿಗೆ ಫೈಲಿನ ಸಮಸ್ಯೆ ಬರೀ ಅಲಂಕಾರದ್ದಾಗಿರಲಿಲ್ಲ. ಯೂನಿಕೋಡ್ ನೆಲೆಗೊಳ್ಳುವ ಮೊದಲು ಭಾರತೀಯ ಭಾಷೆಗಳ ಅನೇಕ ತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆಂದು ‘ಇಒಟಿ’ ಎಂಬ ಫಾಂಟ್ ಫೈಲನ್ನು ಪುಟದ ಜೊತೆಗೆ ಕಳಿಸುತ್ತಿದ್ದವು. ಆ ಫೈಲು ಬಾರದಿದ್ದರೆ ಸುದ್ದಿಯ ಜಾಗದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ. ಫಾಂಟನ್ನು ನಿರ್ದಿಷ್ಟ ತಾಣದ ವಿಳಾಸಕ್ಕೆ ಬಿಗಿದು ತಯಾರಿಸುವ ಪದ್ಧತಿ ಇದ್ದುದರಿಂದ, ಪರೀಕ್ಷೆಯ ಸರ್ವರಿನಲ್ಲಿ ಎಲ್ಲವೂ ಸರಿಯಿದ್ದೂ ಅಕ್ಷರ ಮೂಡದೆ ಇರಬಹುದಿತ್ತು. ತಪ್ಪು ಸರ್ವ್‌ಲೆಟ್‌ನದೋ ಫಾಂಟಿನದೋ ಎಂಬ ಜಗಳಕ್ಕೆ ಮುಗಿವಿರಲಿಲ್ಲ.

2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂದ ಮೇಲೆ ಯೂನಿಕೋಡ್ ಕನ್ನಡ ನಿಧಾನಕ್ಕೆ ಬಳಕೆಗೆ ಬಂತು, ಹೊಸ ಗೋಳೂ ಬಂತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಸರ್ವರ್ ಆ ಬೈಟುಗಳನ್ನು ಸರಿಯಾಗಿ ಕಳಿಸಿ, ಇದು ಯುಟಿಎಫ್-8 ಎಂಬ ಚೀಟಿ ಅಂಟಿಸದಿದ್ದರೆ ಬ್ರೌಸರ್ ಅವನ್ನು ಪಶ್ಚಿಮ ಯುರೋಪಿನ ಅಕ್ಷರಗಳೆಂದು ಓದುತ್ತದೆ. ಆಗ ‘ಕ’ ಎಂಬ ಒಂದಕ್ಷರ ಪರದೆಯ ಮೇಲೆ ಮೂರಾಗಿ ಕಾಣುತ್ತದೆ: ತಲೆಯ ಮೇಲೆ ಓರೆ ಗೀಟು ಎಳೆದ ರೋಮನ್ ‘ಎ’, ವರ್ಗಸೂಚಕದ ಪುಟ್ಟ 2, ಒಂದು ದಪ್ಪ ಚುಕ್ಕೆ. ಪುಟದ ತುಂಬ ಗೀಟಿನ ‘ಎ’ಗಳೇ ಸಾಲುಗಟ್ಟಿದ್ದರೆ ಬೈಟುಗಳು ಕ್ಷೇಮ, ಚೀಟಿ ಮಾತ್ರ ತಪ್ಪು, ಹೆಡರ್ ತಿದ್ದಿದರೆ ಸಾಕು. ಅದರ ಬದಲು ಸಾಲು ಸಾಲು ಪ್ರಶ್ನೆಚಿಹ್ನೆಗಳು ಕಂಡರೆ ಕನ್ನಡ ಸರ್ವರಿನೊಳಗೇ ಸತ್ತುಹೋಗಿದೆ ಎಂದರ್ಥ. ಸರ್ವ್‌ಲೆಟ್‌ನ ರೈಟರ್‌ಗೆ ಏನೂ ಹೇಳದಿದ್ದರೆ ಅದು ಐಎಸ್‌ಒ-8859-1 ಎಂದೇ ಹಿಡಿಯುತ್ತದೆ, ಆ ಕೋಷ್ಟಕದಲ್ಲಿ ಕನ್ನಡಕ್ಕೆ ಜಾಗವಿಲ್ಲ. ಜಾಗವಿಲ್ಲದ ಅಕ್ಷರಕ್ಕೆಲ್ಲ ಪ್ರಶ್ನೆಚಿಹ್ನೆ. ಜಾವಾ ತಾನಾಗಿ ಯುಟಿಎಫ್-8 ಹಿಡಿಯತೊಡಗಿದ್ದು 2022ರ 18ನೇ ಆವೃತ್ತಿಯಿಂದ. ಅಲ್ಲಿಯವರೆಗೆ ಫೈಲು ಓದುವಾಗ ಎನ್‌ಕೋಡಿಂಗ್ ಹೇಳದಿದ್ದರೆ ಅದು ಆಪರೇಟಿಂಗ್ ಸಿಸ್ಟಮ್ಮಿನ ಮರ್ಜಿ. ಲಿನಕ್ಸ್ ಸರ್ವರಿನಲ್ಲಿ ಚೆನ್ನಾಗಿದ್ದ ಕನ್ನಡ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕೆಡುತ್ತಿದ್ದುದು ಅದಕ್ಕೇ.

ಇದೇ ರೈಟರ್ ಚಿತ್ರಗಳನ್ನೂ ಕೊಂದಿದೆ. ಚಿತ್ರ, ಫಾಂಟು, ಪಿಡಿಎಫ್‌ಗಳು ಅಕ್ಷರಗಳಲ್ಲ, ಬರೀ ಬೈಟುಗಳು. ಅವನ್ನು ಸ್ಟ್ರೀಮಿನಲ್ಲಿ ಓದಿ ಸ್ಟ್ರೀಮಿನಲ್ಲೇ ಬರೆಯಬೇಕು. ರೀಡರ್-ರೈಟರ್‌ಗಳ ಮೂಲಕ ಹಾಯಿಸಿದರೆ ಫೈಲಿನ ಗಾತ್ರ ಹೆಚ್ಚುಕಡಿಮೆ ಅಷ್ಟೇ ಕಾಣಬಹುದು, ಚಿತ್ರ ಮಾತ್ರ ತೆರೆಯುವುದಿಲ್ಲ. ಮೇವನ್‌ನಲ್ಲಿ ಫೈಲುಗಳೊಳಗಿನ ಹೆಸರುಗಳನ್ನು ಬದಲಿಸುವ ಫಿಲ್ಟರಿಂಗ್ ಸೌಲಭ್ಯವನ್ನು ಎಲ್ಲದಕ್ಕೂ ಹಚ್ಚಿದರೂ ಇದೇ ಗತಿ: ವಾರ್ ಕಟ್ಟುವ ಹೊತ್ತಿಗೇ ಫಾಂಟ್ ಕೆಟ್ಟಿರುತ್ತದೆ.

ಇಷ್ಟಾದರೂ ಜನ ಸ್ವಂತ ಫೈಲ್ ಸರ್ವ್‌ಲೆಟ್ ಬರೆಯುವುದನ್ನು ಬಿಡಲಿಲ್ಲ. ಅದಕ್ಕೆ ನ್ಯಾಯವಾದ ಕಾರಣ ಒಂದೇ: ವಾರ್ ಕಟ್ಟಿನ ಹೊರಗಿರುವ ಫೈಲು. ಬಳಕೆದಾರರು ಅಪ್‌ಲೋಡ್ ಮಾಡಿದ ಫೋಟೋ, ಅರ್ಜಿ, ಪ್ರಮಾಣಪತ್ರ ಇಂಥವು. ಶುರುವಿನಲ್ಲಿ ಇವನ್ನು ಹೆಚ್ಚಿನವರು ಅಪ್ಲಿಕೇಶನ್ನಿನ ಫೋಲ್ಡರಿನೊಳಗೇ ತುರುಕುತ್ತಿದ್ದರು. ಸರ್ವ್‌ಲೆಟ್ ಕಾಂಟೆಕ್ಸ್ಟ್ ಅನ್ನು ‘ನಿಜವಾದ ದಾರಿ’ ಕೇಳಿ, ಅದು ಕೊಟ್ಟ ಜಾಗದಲ್ಲಿ ಫೈಲು ಇಟ್ಟರೆ ಡಿಫಾಲ್ಟ್ ಸರ್ವ್‌ಲೆಟ್ ತಾನೇ ಅದನ್ನು ಹಂಚುತ್ತದೆ, ಒಂದು ಸಾಲು ಕೋಡೂ ಬೇಡ. ತಿಂಗಳುಗಟ್ಟಲೆ ಎಲ್ಲವೂ ಸುಸೂತ್ರ. ಹೊಸ ಆವೃತ್ತಿಯ ವಾರ್ ಹಾಕಿದ ದಿನ ಟಾಮ್‌ಕ್ಯಾಟ್ ಹಳೆಯ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದನ್ನು ಬಿಚ್ಚುತ್ತದೆ. ಅಪ್‌ಲೋಡ್ ಆದ ಫೈಲುಗಳೆಲ್ಲ ಅದರ ಜೊತೆಗೇ ಹೋಗುತ್ತವೆ, ಡೇಟಾಬೇಸಿನಲ್ಲಿ ಹೆಸರು ಮಾತ್ರ ಉಳಿಯುತ್ತದೆ. ವಾರನ್ನು ಬಿಚ್ಚದೆಯೇ ಓಡಿಸುವ ಸರ್ವರುಗಳಲ್ಲಿ ‘ನಿಜವಾದ ದಾರಿ’ ಎಂಬುದೇ ಇರುವುದಿಲ್ಲ. ಕೇಳಿದರೆ ನಲ್ ಬರುತ್ತದೆ. ಅಪ್‌ಲೋಡ್ ಫೈಲು ಅಪ್ಲಿಕೇಶನ್ನಿನ ಹೊರಗೆ, ಬ್ಯಾಕಪ್ ಆಗುವ ಜಾಗದಲ್ಲಿ ಇರಬೇಕು. ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ಹೊರಗಿನ ಫೈಲನ್ನು ಹಂಚಲು ಕೂತಾಗಲೇ ಡಿಫಾಲ್ಟ್ ಸರ್ವ್‌ಲೆಟ್ ಸದ್ದಿಲ್ಲದೆ ಎಷ್ಟು ಮಾಡುತ್ತಿತ್ತು ಎಂಬುದು ತಿಳಿಯುವುದು. ಮೊದಲನೆಯದು ಕಾವಲು. ವಿಳಾಸದಲ್ಲಿ ಬಂದ ಹೆಸರನ್ನು ಫೋಲ್ಡರಿನ ಹೆಸರಿಗೆ ಹಾಗೇ ಅಂಟಿಸಿದರೆ, ಎರಡು ಚುಕ್ಕೆ ಹಾಕಿ ಮೇಲೇರುತ್ತ ಪಾಸ್‌ವರ್ಡ್ ಫೈಲಿನವರೆಗೂ ಹೋಗಬಹುದು. ಚುಕ್ಕೆಗಳಿವೆಯೇ ಎಂದು ಹುಡುಕುವುದು ಸಾಲದು, ಅವುಗಳಿಗೆ ಶೇಕಡಾ ಚಿಹ್ನೆಯ ವೇಷ ಹಾಕಿಸಿಯೂ ಕಳಿಸಬಹುದು. ಬಂದ ದಾರಿಯನ್ನು ಪೂರ್ತಿ ಬಿಡಿಸಿ, ಕೊನೆಗೆ ಸಿಗುವ ಫೈಲು ಅನುಮತಿಯ ಫೋಲ್ಡರಿನೊಳಗೇ ಇದೆಯೇ ಎಂದು ನೋಡಬೇಕು. ಇದು ಪಳಗಿದ ಕೈಗಳನ್ನೂ ಜಾರಿಸುತ್ತದೆ: 2021ರಲ್ಲಿ ಜೆಟ್ಟಿಯ 9.4.37 ಮತ್ತು 9.4.38ರಲ್ಲಿ ಶೇಕಡಾ ವೇಷದ ಚುಕ್ಕೆಯೊಂದರಿಂದ ವೆಬ್-ಇನ್ಫ್ ಒಳಗಿನ ಫೈಲು ಓದಬಹುದಾಗಿತ್ತು.

ಎರಡನೆಯದು ‘ಬದಲಾಗಿದೆಯೇ?’ ಎಂಬ ಪ್ರಶ್ನೆ. ಬ್ರೌಸರ್ ತನ್ನ ಬಳಿ ಇರುವ ಪ್ರತಿಯ ತಾರೀಕು ಹೇಳಿ, ಆಮೇಲೆ ಬದಲಾಗಿದ್ದರೆ ಮಾತ್ರ ಕೊಡು ಎನ್ನುತ್ತದೆ. ಬದಲಾಗಿರದಿದ್ದರೆ ಸರ್ವರ್ 304 ಎಂದು ಬರಿಗೈಯಲ್ಲಿ ಕಳಿಸಬಹುದು. ಕೇಳಲು ಸುಲಭ. ಆದರೆ ಡಿಸ್ಕಿನ ಮೇಲಿನ ಫೈಲಿನ ಕಾಲಕ್ಕೆ ಮಿಲಿಸೆಕೆಂಡ್ ಇರುತ್ತದೆ, ಎಚ್‌ಟಿಟಿಪಿಯ ತಾರೀಕಿನಲ್ಲಿ ಸೆಕೆಂಡಿಗಿಂತ ಚಿಕ್ಕದಿಲ್ಲ. ಫೈಲು ಉಳಿಸಿದ್ದು 20 ಸೆಕೆಂಡು 640 ಮಿಲಿಸೆಕೆಂಡಿಗೆ ಎಂದಿಟ್ಟುಕೊಂಡರೆ, ಹೆಡರಿನಲ್ಲಿ ಹೋಗುವುದು ಬರೀ 20. ಬ್ರೌಸರ್ ಅದೇ 20ನ್ನು ಹಿಂದಿರುಗಿಸುತ್ತದೆ. ಕೋಡು 640 ಮಿಲಿಸೆಕೆಂಡಿನ ವ್ಯತ್ಯಾಸ ಕಂಡು, ಫೈಲು ಹೊಸದಾಗಿದೆ ಎಂದು ತೀರ್ಮಾನಿಸಿ, ಪ್ರತಿ ಸಲವೂ ಪೂರ್ತಿ ಫೈಲು ಸುರಿಯುತ್ತದೆ. ತಪ್ಪು ಕಣ್ಣಿಗೆ ಬೀಳುವುದಿಲ್ಲ, ಬ್ಯಾಂಡ್‌ವಿಡ್ತ್ ಬಿಲ್ಲಿನಲ್ಲಿ ಕಾಣುತ್ತದೆ. ಸರ್ವ್‌ಲೆಟ್‌ನ ತಾಯಿ ಕ್ಲಾಸಿನಲ್ಲೇ ಕೊನೆಯ ಬದಲಾವಣೆಯ ಕಾಲ ತಿಳಿಸುವ ಒಂದು ಮೆಥಡ್ ಇದೆ. ಅದನ್ನು ತುಂಬಿಕೊಟ್ಟರೆ ಈ ಹೋಲಿಕೆಯನ್ನು ಅದೇ ಸರಿಯಾಗಿ ಮಾಡುತ್ತದೆ. ಮೊದಲಿನಿಂದಲೂ ಇದ್ದ ಈ ಮೆಥಡ್ಡನ್ನು ಬಳಸಿದವರು ಕೆಲವರೇ.

ಉಳಿದವು ಬೇಗ ಹೇಳಿ ಮುಗಿಸುವಂಥವು. ಫೈಲಿನ ಬಗೆಯನ್ನು ಊಹಿಸದೆ ಕಂಟೇನರಿನ ಕೋಷ್ಟಕವನ್ನೇ ಕೇಳಬೇಕು, ಅದರಲ್ಲಿಲ್ಲದ ಬಾಲವನ್ನು ವೆಬ್.ಎಕ್ಸ್‌ಎಂಎಲ್‌ನಲ್ಲಿ ಸೇರಿಸಬೇಕು. ಫೈಲಿನ ಉದ್ದ ಹೇಳುವ ಹಳೆಯ ಮೆಥಡ್ ಇಂಟ್ ಮಾತ್ರ ಒಪ್ಪುತ್ತಿತ್ತು, 2 ಜಿಬಿ ದಾಟಿದ ವಿಡಿಯೋಗೆ ಅದು ಸಾಲದು. ಲಾಂಗ್ ಒಪ್ಪುವ ಮೆಥಡ್ ಬಂದದ್ದು 2013ರ ಸರ್ವ್‌ಲೆಟ್ 3.1ರಲ್ಲಿ. ವಿಡಿಯೋ ನಡುವಿನಿಂದ ನೋಡಲು, ತುಂಡಾದ ಡೌನ್‌ಲೋಡ್ ಮುಂದುವರಿಸಲು ಬ್ರೌಸರ್ ಫೈಲಿನ ಒಂದು ಭಾಗವನ್ನಷ್ಟೇ ಕೇಳುತ್ತದೆ, ಅದಕ್ಕೆ 206 ಎಂದು ಉತ್ತರಿಸುವುದು ಡಿಫಾಲ್ಟ್ ಸರ್ವ್‌ಲೆಟ್‌ಗೆ ಗೊತ್ತು; ಕೈಯಾರೆ ಬರೆದವುಗಳಲ್ಲಿ ಹೆಚ್ಚಿನವಕ್ಕೆ ಗೊತ್ತಿರುತ್ತಿರಲಿಲ್ಲ. ಡಿಫಾಲ್ಟ್ ಕೂಡ ಪೂರ್ತಿ ನಿರಪಾಯಕಾರಿಯಲ್ಲ. ಹಳೆಯ ಟಾಮ್‌ಕ್ಯಾಟ್‌ಗಳಲ್ಲಿ ಫೋಲ್ಡರಿನ ಪಟ್ಟಿ ತಾನಾಗಿಯೇ ಜಗತ್ತಿಗೆ ತೆರೆದಿರುತ್ತಿತ್ತು, ಆಮೇಲೆ ಮುಚ್ಚಿದರು. ಅದರ ‘ಓದಲು ಮಾತ್ರ’ ಎಂಬ ಬೀಗವನ್ನು ತೆಗೆದವರ ವಿಂಡೋಸ್ ಸರ್ವರುಗಳಿಗೆ ಹೊರಗಿನಿಂದ ಜೆಎಸ್‌ಪಿಯನ್ನೇ ಏರಿಸಿ ಓಡಿಸುವ ದಾರಿ 2017ರಲ್ಲಿ ಬಯಲಾಯಿತು.

ಕ್ಯಾಶ್‌ನ ವಿಷಯದಲ್ಲಿ ಆ ಕಾಲದ ಕಚೇರಿಗಳು ಎರಡು ಪಂಗಡವಾಗಿದ್ದವು. ಹಳೆಯ ಪುಟ ಕಾಣಿಸಿ ಒಮ್ಮೆ ಬೈಸಿಕೊಂಡವರು ಎಲ್ಲಕ್ಕೂ ‘ಕ್ಯಾಶ್ ಬೇಡ’ ಎಂಬ ಹೆಡರ್ ಹಚ್ಚುವ ಫಿಲ್ಟರ್ ಬರೆದರು. ಡಯಲ್-ಅಪ್ ಬಳಕೆದಾರ ಪ್ರತಿ ಪುಟಕ್ಕೂ ಅದೇ ಲೋಗೋ ಇಳಿಸಿಕೊಳ್ಳುತ್ತಿದ್ದ. ಇನ್ನೊಂದು ಪಂಗಡ ವರ್ಷಗಟ್ಟಲೆ ಕ್ಯಾಶ್ ಮಾಡಿಸಿ, ಹೊಸ ಆವೃತ್ತಿ ಬಂದಾಗ ‘ಕಂಟ್ರೋಲ್ ಎಫ್5 ಒತ್ತಿ’ ಎಂದು ಗ್ರಾಹಕರಿಗೆ ಮೇಲ್ ಕಳಿಸುತ್ತಿತ್ತು. ಎರಡಕ್ಕೂ ಉತ್ತರ ಒಂದೇ: ಫೈಲಿನ ಹೆಸರಿನಲ್ಲೇ ಆವೃತ್ತಿಯ ಗುರುತಿಟ್ಟು ಒಂದು ವರ್ಷ, ಅಂದರೆ 31536000 ಸೆಕೆಂಡು, ಇಟ್ಟುಕೊಳ್ಳಲು ಹೇಳುವುದು, ಅದನ್ನು ಕರೆಯುವ ಪುಟವನ್ನು ಮಾತ್ರ ಪ್ರತಿ ಸಲ ವಿಚಾರಿಸುವಂತೆ ಮಾಡುವುದು. ಇದರ ಜೊತೆಗೆ ಇನ್ನೊಂದು ಕೀಟಲೆ. ಮೊದಲ ಭೇಟಿಯಲ್ಲಿ ಕುಕೀ ನಡೆಯುತ್ತದೋ ಇಲ್ಲವೋ ಸರ್ವರಿಗೆ ತಿಳಿಯದು. ಜೆಎಸ್‌ಪಿಯ ಯುಆರ್‌ಎಲ್ ಟ್ಯಾಗ್ ಬಳಸಿದ ಸ್ಟೈಲ್‌ಶೀಟಿನ ವಿಳಾಸಕ್ಕೂ ಅದು ಸೆಷನ್ ಗುರುತನ್ನು ಬಾಲವಾಗಿ ಕಟ್ಟುತ್ತಿತ್ತು. ವಿಳಾಸ ಬೇರೆಯಾದರೆ ಕ್ಯಾಶ್ ವ್ಯರ್ಥ. ಸರ್ವ್‌ಲೆಟ್‌ನ 2009ರ 3.0ನೇ ಆವೃತ್ತಿಯಲ್ಲಿ ‘ಕುಕೀ ಮಾತ್ರ’ ಎಂದು ಹೇಳುವ ಅವಕಾಶ ಬಂದ ಮೇಲೆ ಅದು ತೊಲಗಿತು.

ಟಾಮ್‌ಕ್ಯಾಟ್‌ನ ಒಂದು ವರ್ತನೆ ಮಾತ್ರ ಈಗಲೂ ಜನರನ್ನು ತಬ್ಬಿಬ್ಬು ಮಾಡುತ್ತದೆ. ಜಿಜಿಪ್ ಕುಗ್ಗಿಸುವಿಕೆ ಚಾಲೂ ಮಾಡಿದರೂ ಸಣ್ಣ ಫೈಲುಗಳು ಕುಗ್ಗಿ, ದೊಡ್ಡವು ಕುಗ್ಗದೆ ಹೋಗುತ್ತವೆ. ಕಾರಣ ಸೆಂಡ್‌ಫೈಲ್: 48 ಕೆಬಿಗಿಂತ ದೊಡ್ಡ ಫೈಲನ್ನು ಟಾಮ್‌ಕ್ಯಾಟ್ ತಾನು ಓದದೆ, ನೇರವಾಗಿ ಆಪರೇಟಿಂಗ್ ಸಿಸ್ಟಮ್ಮಿನ ಮೂಲಕ ತಳ್ಳುತ್ತದೆ. ತಾನು ಮುಟ್ಟದ್ದನ್ನು ಅದು ಕುಗ್ಗಿಸುವುದು ಹೇಗೆ? ಸಿಪಿಯು ಉಳಿಸಬೇಕೋ ಬ್ಯಾಂಡ್‌ವಿಡ್ತ್ ಉಳಿಸಬೇಕೋ ಎಂದು ನಿರ್ಧರಿಸಿ ಒಂದನ್ನು ಆರಿಸಬೇಕು.

ಟಾಮ್‌ಕ್ಯಾಟ್ ಫೈಲು ಹಂಚುವುದರಲ್ಲಿ ನಿಧಾನ, ಮುಂದೊಂದು ಅಪಾಚೆ ಸರ್ವರ್ ನಿಲ್ಲಿಸಲೇಬೇಕು ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಮಾಡ್-ಜೆಕೆ ಎಂಬ ಕೊಂಡಿಯಿಂದ ಎರಡನ್ನೂ ಬೆಸೆದು, ಜೆಎಸ್‌ಪಿ ಹಿಂದಕ್ಕೆ, ಚಿತ್ರ ಮುಂದೆಯೇ ಎಂದು ಹಂಚುತ್ತಿದ್ದರು. ಆ ಏರ್ಪಾಡಿನ ಅಪಾಯ ಸೂಕ್ಷ್ಮವಾದದ್ದು. ವೆಬ್-ಇನ್ಫ್ ಗುಟ್ಟಿನ ಫೋಲ್ಡರ್ ಎಂಬುದು ಸರ್ವ್‌ಲೆಟ್ ಕಂಟೇನರಿಗೆ ಗೊತ್ತು, ಅಪಾಚೆಗೆ ಗೊತ್ತಿಲ್ಲ. ಅಪ್ಲಿಕೇಶನ್ನಿನ ಫೋಲ್ಡರನ್ನೇ ಅಪಾಚೆಗೆ ತೋರಿಸಿ, ಅದಕ್ಕೆ ಬೇಲಿ ಹಾಕಲು ಮರೆತರೆ ಡೇಟಾಬೇಸಿನ ಪಾಸ್‌ವರ್ಡ್ ಇರುವ ಫೈಲೂ ಸಾದಾ ಫೈಲಿನಂತೆ ಹೊರಗೆ ಹೋಗುತ್ತದೆ. ಎಂಜಿನ್ಎಕ್ಸ್ ಮುಂದೆ ನಿಲ್ಲಿಸುವವರಿಗೂ ಈ ಮಾತು ಅಷ್ಟೇ ಅನ್ವಯ. ಮುಂದಿನ ಸರ್ವರಿಗೆ ತೋರಿಸುವುದು ಸ್ಟ್ಯಾಟಿಕ್ ಫೈಲುಗಳ ಪ್ರತ್ಯೇಕ ಫೋಲ್ಡರನ್ನು ಮಾತ್ರ.

2014ರಲ್ಲಿ ಸ್ಪ್ರಿಂಗ್ ಬೂಟ್ ಬಂದ ಮೇಲೆ ಹೊಸಬರು ಇದಾವುದನ್ನೂ ನೋಡುವುದಿಲ್ಲ. ‘ಸ್ಟ್ಯಾಟಿಕ್’ ಎಂಬ ಫೋಲ್ಡರಿನಲ್ಲಿ ಹಾಕಿದ ಫೈಲು ತಾನಾಗಿ ಬರುತ್ತದೆ. ದೊಡ್ಡ ತಾಣಗಳಲ್ಲಿ ಫೈಲುಗಳು ಸಿಡಿಎನ್‌ಗೆ ಹೋಗಿ ಕೂತಿವೆ. ಒಳ್ಳೆಯದೇ. ಆದರೆ ಸೆಕ್ಯುರಿಟಿ ಫಿಲ್ಟರ್ ಈಗಲೂ ಲಾಗಿನ್ ಪುಟದ ಸ್ಟೈಲ್‌ಶೀಟನ್ನು ತಡೆಯುತ್ತದೆ, ಅಪ್‌ಲೋಡ್ ಫೈಲನ್ನು ಕಂಟೇನರ್ ಇಮೇಜಿನೊಳಗೆ ಇಟ್ಟರೆ ಮುಂದಿನ ಡಿಪ್ಲಾಯ್‌ಮೆಂಟಿಗೆ ಈಗಲೂ ಮಾಯವಾಗುತ್ತದೆ. ಫೈಲು ವಾರ್ ಒಳಗಿದ್ದರೆ ಹಂಚುವ ಕೆಲಸವನ್ನು ಡಿಫಾಲ್ಟ್ ಸರ್ವ್‌ಲೆಟ್‌ಗೆ ಬಿಡಬೇಕು, ಹೊರಗಿದ್ದರೆ ಮುಂದಿನ ಸರ್ವರಿಗೆ ಕೊಡಬೇಕು. ಫೈಲು ಕೊಡುವ ಮೊದಲು ಕೇಳಿದವರ ಹಕ್ಕನ್ನು ಪರೀಕ್ಷಿಸಬೇಕಾದಾಗ ಮಾತ್ರ ಸ್ವಂತ ಸರ್ವ್‌ಲೆಟ್ ಬರೆಯಬೇಕು. ಬರೆದ ಮೇಲೆ ಅದರ 304 ಮತ್ತು 206ನ್ನು ಕರ್ಲ್ ಹಾಕಿ ನೋಡದೆ ಪ್ರೊಡಕ್ಷನ್ನಿಗೆ ಕಳಿಸಬಾರದು.